ಸಸಿ ಉದ್ದವಾದರೆ ಸಾಲದು, ಬುಡ ಗಟ್ಟಿಯಾಗಬೇಕು

2025ರ ಜನವರಿ 24ರಂದು ಬೀಸಿದ ‘ಏಯೋವಿನ್’ ಬಿರುಗಾಳಿಯನ್ನು ಐರ್ಲೆಂಡಿನಲ್ಲಿರುವ ಕನ್ನಡಿಗರು ಯಾರೂ ಮರೆತಿರಲಿಕ್ಕಿಲ್ಲ. ಗಾಲ್ವೇ ಕೌಂಟಿಯ ಮೇಸ್ ಹೆಡ್ ಎಂಬಲ್ಲಿ ಗಾಳಿಯ ವೇಗ ಗಂಟೆಗೆ 183 ಕಿ.ಮೀ. ಮುಟ್ಟಿತು. 1945ರಿಂದ ಉಳಿದುಕೊಂಡಿದ್ದ ದಾಖಲೆ ಅಂದು ಮುರಿಯಿತು. ಲಕ್ಷಾಂತರ ಮನೆಗಳಲ್ಲಿ ಕರೆಂಟು ಹೋಯಿತು. ಪತ್ರಿಕೆಗಳು ವಾರಗಟ್ಟಲೆ ಕರೆಂಟಿನ ಸುದ್ದಿ ಬರೆದವು. ಆದರೆ ಅದಕ್ಕಿಂತ ದೀರ್ಘಕಾಲದ ನಷ್ಟವೊಂದು ಊರುಗಳಿಂದ ದೂರ, ಕಾಡಿನಲ್ಲಿ ಆಗಿತ್ತು. 20 ಸಾವಿರ ಹೆಕ್ಟೇರಿಗೂ ಹೆಚ್ಚು ನೆಡುತೋಪುಗಳಲ್ಲಿ ಮರಗಳು ಬೆಂಕಿಕಡ್ಡಿ ಚೆಲ್ಲಿದ ಹಾಗೆ ನೆಲಕ್ಕೊರಗಿದ್ದವು.

ಲೆಕ್ಕಪತ್ರದ ಕಸುಬಿನವರಾದ ನಮಗೆ ಇಂಥ ಸುದ್ದಿ ಓದಿದ ಕೂಡಲೇ ಕೈ ಕ್ಯಾಲ್ಕುಲೇಟರ್ ಕಡೆಗೆ ಹೋಗುತ್ತದೆ. ಇಲ್ಲಿ ಸೂಚಿಪರ್ಣಿ ಮರಗಳನ್ನು ಎರಡೆರಡು ಮೀಟರ್ ಅಂತರದಲ್ಲಿ, ಹೆಕ್ಟೇರಿಗೆ ಸುಮಾರು 2,500ರಂತೆ ನೆಡುತ್ತಾರೆ. ಬಿದ್ದ ಜಾಗವನ್ನೆಲ್ಲ ಹಾಗೆಯೇ ಮತ್ತೆ ನೆಡುವುದಾದರೆ ಐದು ಕೋಟಿ ಸಸಿ ಬೇಕು. ಇದು ಹಳೆಯದನ್ನು ತುಂಬಿಸಲು ಮಾತ್ರ. ಸರ್ಕಾರ ವರ್ಷಕ್ಕೆ 8,000 ಹೆಕ್ಟೇರ್ ಹೊಸ ಕಾಡು ಬೆಳೆಸುವ ಗುರಿ ಇಟ್ಟುಕೊಂಡಿದೆ. ಅದಕ್ಕೆ ವರ್ಷಕ್ಕೆ ಇನ್ನೆರಡು ಕೋಟಿ. ಗುರಿ ಗುರಿಯಾಗಿಯೇ ಉಳಿದಿದೆ ಅನ್ನಿ. ಈಚಿನ ವರ್ಷಗಳಲ್ಲಿ ನೆಟ್ಟದ್ದು 2,000 ಹೆಕ್ಟೇರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆದರೂ ಸಸಿ ಬೇಕೇ ಬೇಕು. ಸಸಿ ಅಂಗಡಿಯಲ್ಲಿ ಸಿಗುವ ಮೊಳೆಯಲ್ಲ. ಬೀಜ ಬಿತ್ತಿ ಎರಡು–ಮೂರು ವರ್ಷ ನರ್ಸರಿಯ ಮಡಿಯಲ್ಲಿ ಬೆಳೆಸಿದ ಮೇಲೆಯೇ ಅದು ಕಾಡಿಗೆ ಹೋಗುವುದು.

ಅಂದಮೇಲೆ ಈ ಮೊಣಕಾಲೆತ್ತರದ ಸಸಿಯ ಕಾಂಡ ಹೇಗಿರಬೇಕು, ಅದನ್ನು ಮನುಷ್ಯ ಹತೋಟಿಯಲ್ಲಿಡಬಹುದೇ, ನಮ್ಮೂರ ಮಾವಿನ ತೋಪಿನಲ್ಲಿ ಮಾಡುವಂತೆ ರಾಸಾಯನಿಕ ಹಾಕಿ ಬೆಳವಣಿಗೆ ತಡೆಯಬಹುದೇ ಎಂಬ ಪ್ರಶ್ನೆ ಬರೀ ಸಸ್ಯಶಾಸ್ತ್ರದ್ದಲ್ಲ. ಮೂವತ್ತೈದು–ನಲವತ್ತು ವರ್ಷದ ಬಂಡವಾಳದ ಪ್ರಶ್ನೆ.

ಒಂದರಿಂದ ಹನ್ನೊಂದಕ್ಕೆ

ಐರ್ಲೆಂಡ್ ಎಂದರೆ ಹಸಿರು ದೇಶ ಎಂದುಕೊಂಡೇ ನಾವೆಲ್ಲ ಇಲ್ಲಿಗೆ ಬಂದವರು. ವಿಮಾನದಿಂದ ಕಾಣುವ ಆ ಹಸಿರು ಬಹುಪಾಲು ಹುಲ್ಲು ಎಂದು ತಿಳಿಯಲು ಸ್ವಲ್ಪ ಕಾಲ ಹಿಡಿಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ನೆಲದಲ್ಲಿ ಕಾಡು ಉಳಿದಿದ್ದದ್ದು ನೂರಕ್ಕೆ ಒಂದು ಪಾಲು. ಈಗ ಅದು 11.6ರಷ್ಟಾಗಿದೆ. ನಮ್ಮ ಕರ್ನಾಟಕದಲ್ಲಿ ಐದರಲ್ಲೊಂದು ಪಾಲು ಕಾಡು ಎನ್ನುವುದನ್ನು ನೆನೆದರೆ ಇದು ಇನ್ನೂ ಬಡತನವೇ.

ಈ ಏರಿಕೆಯ ಹಿಂದೆ ಒಬ್ಬ ಡಾಕ್ಟರಿದ್ದಾರೆ. ಆಗಸ್ಟಿನ್ ಹೆನ್ರಿ ಚೀನಾದಲ್ಲಿ ಕಸ್ಟಮ್ಸ್ ಕೆಲಸಕ್ಕೆ ಹೋಗಿ, ಅಲ್ಲಿ ಬೇಸರ ಕಳೆಯಲು ಗಿಡ ಸಂಗ್ರಹಿಸತೊಡಗಿ, ಕೊನೆಗೆ ಮರಗಳ ಪಂಡಿತರಾಗಿ ಮರಳಿದವರು. 1913ರಲ್ಲಿ ಡಬ್ಲಿನ್‌ನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಅರಣ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಅಮೆರಿಕದ ಪಶ್ಚಿಮ ಕರಾವಳಿಯ ಮರಗಳು ಐರ್ಲೆಂಡಿನ ಮಳೆ, ಚಳಿ, ತೇವಕ್ಕೆ ಚೆನ್ನಾಗಿ ಒಗ್ಗುತ್ತವೆ ಎಂದು ವಾದಿಸಿದವರಲ್ಲಿ ಅವರು ಮುಖ್ಯರು. ವಿಕ್ಲೋ ಕೌಂಟಿಯ ಏವನ್‌ಡೇಲ್ ಎಸ್ಟೇಟನ್ನು ಸರ್ಕಾರ 1904ರಲ್ಲಿ ಕೊಂಡು ಅರಣ್ಯ ಶಾಲೆ ಮಾಡಿತ್ತು. ಅಲ್ಲಿ ಎ. ಸಿ. ಫೋರ್ಬ್ಸ್ 1906ರಿಂದ ಬೇರೆ ಬೇರೆ ದೇಶದ ಮರಗಳನ್ನು ಎಕರೆ ಎಕರೆ ತುಂಡುಗಳಲ್ಲಿ ನೆಟ್ಟು ಪರೀಕ್ಷಿಸಿದರು. ಡಬ್ಲಿನ್ ಕನ್ನಡಿಗರು ಈಗ ಮಕ್ಕಳನ್ನು ಕರೆದುಕೊಂಡು ಏವನ್‌ಡೇಲ್‌ಗೆ ಹೋಗುವುದು ಮರಗಳ ತುದಿಯ ಮೇಲಿನ ನಡಿಗೆ ಹಾದಿಗೆ, ಅಲ್ಲಿನ 38 ಮೀಟರ್ ಗೋಪುರದಿಂದ ಜಾರುವುದಕ್ಕೆ. ಕೆಳಗಿರುವುದು ನೂರು ವರ್ಷದ ಪ್ರಯೋಗ ಎಂದು ಮಕ್ಕಳಿಗೆ ಹೇಳಿದರೆ ಕೇಳುವ ತಾಳ್ಮೆ ಎಲ್ಲಿ.

ಆ ಪ್ರಯೋಗಗಳಿಂದ ಗೆದ್ದು ಬಂದದ್ದು ಸಿಟ್ಕಾ ಸ್ಪ್ರೂಸ್. ಅಲಾಸ್ಕದ ಊರೊಂದರ ಹೆಸರು ಹೊತ್ತ ಈ ಮರ ಇಂದು ಐರ್ಲೆಂಡಿನ ಕಾಡಿನಲ್ಲಿ ಹೆಚ್ಚು ಕಡಿಮೆ ನೂರಕ್ಕೆ 45 ಪಾಲು ಇದೆ. ಒಳ್ಳೆಯ ಜಾಗದಲ್ಲಿ ಇದರ ಕುಡಿ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಏರುತ್ತದೆ. ಪರದೇಶಿ ಮರ, ಕತ್ತಲೆ ಕಾಡು ಎಂದು ಇದನ್ನು ಬಯ್ಯುವವರೂ ಬಹಳ. ನಮ್ಮಲ್ಲಿ ನೀಲಗಿರಿಯ ಬಗ್ಗೆ ಆದ ಜಗಳದ ಐರಿಷ್ ಆವೃತ್ತಿ ಎಂದುಕೊಳ್ಳಿ.

ಕಾಯದ ದಾಸ್ತಾನು

ಯಾವ ವ್ಯಾಪಾರಿಯ ಗೋದಾಮಿನಲ್ಲೂ ಮಾಲು ಮಾರಾಟವಾಗದಿದ್ದರೆ ಇದ್ದಲ್ಲೇ ಇರುತ್ತದೆ. ನರ್ಸರಿಯ ಮಾಲು ಹಾಗಲ್ಲ, ಬೆಳೆಯುತ್ತದೆ. ಬೆಳೆಯುವ ಗಿಡ–ಮರಕ್ಕೆ ಲೆಕ್ಕಶಾಸ್ತ್ರದಲ್ಲಿ ‘ಜೈವಿಕ ಆಸ್ತಿ’ ಎಂದು ಬೇರೆ ನಿಯಮವನ್ನೇ ಮಾಡಿದ್ದಾರೆ. ಬೆಳೆದಷ್ಟೂ ಬೆಲೆ ಹೆಚ್ಚು ಎನ್ನುವುದು ಆ ನಿಯಮದ ಒಳಮಾತು. ನರ್ಸರಿಯ ಸಸಿಗೆ ಮಾತ್ರ ಅದು ತಲೆಕೆಳಗು. ಹದ ಮೀರಿ ಬೆಳೆದರೆ ಬೆಲೆ ಸೊನ್ನೆ.

ಇದಕ್ಕೆ ಸಾಕ್ಷಿ ಇಲ್ಲೇ ಇದೆ. ಐರ್ಲೆಂಡಿನಲ್ಲಿ ಕಾಡು ನೆಡಲೂ ಕಡಿಯಲೂ ಕೃಷಿ ಇಲಾಖೆಯ ಲೈಸೆನ್ಸ್ ಬೇಕು. ಕೆಲವು ವರ್ಷಗಳ ಹಿಂದೆ ಅರ್ಜಿಗಳು ಸಾವಿರಗಟ್ಟಲೆ ರಾಶಿಬಿದ್ದಾಗ ರೈತರಿಗೆ ನೆಡಲು ಅನುಮತಿ ಬರಲಿಲ್ಲ; ಎರಡು ವರ್ಷ ಮೊದಲೇ ಬಿತ್ತಿದ್ದ ನರ್ಸರಿಗಳಲ್ಲಿ ಸಸಿಗಳು ಕೊಳ್ಳುವವರಿಲ್ಲದೆ ನಿಂತವು. ಚಳಿಗಾಲದಲ್ಲಿ ಸಸಿ ನಿದ್ದೆ ಹೋದಾಗ ಬೇರುಸಮೇತ ಕಿತ್ತು ಶೀತಲ ಕೊಠಡಿಯಲ್ಲಿ ಕೆಲವು ತಿಂಗಳು ಇಡಬಹುದು. ಯಾವ ತಿಂಗಳಲ್ಲಿ ಕಿತ್ತರೆ ಎಷ್ಟು ಕಾಲ ತಾಳುತ್ತದೆ ಎಂಬ ಬಗ್ಗೆ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನವರು ಸಾಕಷ್ಟು ಸಂಶೋಧನೆ ಮಾಡಿದ್ದಾರೆ. ಆದರೆ ಇನ್ನೊಂದು ಬೇಸಿಗೆ ಮಡಿಯಲ್ಲೇ ಕಳೆದರೆ ಸಸಿ ಸೊಕ್ಕಿ ಬೆಳೆದು, ಕಾಂಡ ನೀಳವಾಗಿ, ಬೇರಿಗಿಂತ ತಲೆ ಭಾರವಾಗಿ ಕೂರುತ್ತದೆ.

ನರ್ಸರಿಯವರು ಇದನ್ನು ಸರಳವಾಗಿ ಅಳೆಯುತ್ತಾರೆ. ಎತ್ತರವನ್ನು ಸೆಂಟಿಮೀಟರಿನಲ್ಲಿ, ಬುಡದ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. 40 ಸೆಂ.ಮೀ. ಸಸಿಗೆ 8 ಮಿ.ಮೀ. ಬುಡ ಇದ್ದರೆ ಉತ್ತರ 5, ಗಟ್ಟಿ ಸಸಿ. ಅದೇ ಎತ್ತರಕ್ಕೆ 4 ಮಿ.ಮೀ. ಬುಡವಾದರೆ 10, ಗಾಳಿಗೆ ಬಾಗುವ ಕಡ್ಡಿ. ಆರರ ಒಳಗಿದ್ದರೆ ಒಳ್ಳೆಯದು ಎನ್ನುವುದು ಸಾಮಾನ್ಯ ಮಾತು. ಬ್ಯಾಲೆನ್ಸ್ ಶೀಟಿನಲ್ಲಿ ನಾವು ಸಾಲ–ಬಂಡವಾಳದ ಅನುಪಾತ ನೋಡುವ ಹಾಗೆಯೇ ಇದು. ಮೇಲೆ ಎಷ್ಟು ಎದ್ದಿದೆ ಎನ್ನುವುದಕ್ಕಿಂತ ಅದನ್ನು ಹೊರುವ ಬುಡ ಎಷ್ಟಿದೆ ಎನ್ನುವುದು ಮುಖ್ಯ.

ದಪ್ಪ ಬುಡಕ್ಕೆ ಇಲ್ಲಿ ಇನ್ನೊಂದು ಬೆಲೆಯಿದೆ. ಕಾಡು ಕಡಿದ ಜಾಗದಲ್ಲಿ ಉಳಿದ ಮರದ ಬುಡಗಳಲ್ಲಿ ಪೈನ್ ಮೂತಿಹುಳು ಮೊಟ್ಟೆಯಿಡುತ್ತದೆ. ಬೆಳೆದ ಹುಳು ಹೊಸ ಸಸಿಯ ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತದೆ. ಉಂಗುರದ ಹಾಗೆ ತೊಗಟೆ ಹೋದರೆ ಸಸಿ ಸತ್ತ ಹಾಗೆಯೇ. ರಕ್ಷಣೆ ಇಲ್ಲದಿದ್ದರೆ ಅರ್ಧಕ್ಕೂ ಹೆಚ್ಚು ಸಸಿ ಹೋಗುವುದುಂಟು. ಇದಕ್ಕೆ ಕೀಟನಾಶಕ ಸಿಂಪಡಿಸುತ್ತಾರೆ. ಮೇನೂತ್ ವಿಶ್ವವಿದ್ಯಾಲಯದವರು ಸರ್ಕಾರಿ ಅರಣ್ಯ ಕಂಪನಿ ‘ಕ್ವಿಲ್ಚಾ’ದ ಜೊತೆ ಸೇರಿ ಹುಳುವನ್ನು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ಪ್ರಯೋಗಿಸಿ ನೋಡಿದ್ದಾರೆ. ಇದೆಲ್ಲದರ ನಡುವೆ ಬುಡ ದಪ್ಪವಿರುವ ಸಸಿ ಸ್ವಲ್ಪ ತಿನ್ನಿಸಿಕೊಂಡೂ ಬದುಕುತ್ತದೆ, ಪೆನ್ಸಿಲ್ ಕಡ್ಡಿಗಿಂತ ತೆಳುವಾದದ್ದು ಬದುಕುವುದಿಲ್ಲ.

ಕುಡಿಯ ಒಳಗಿನ ರಸ

ಕಾಂಡ ಉದ್ದವಾಗುವುದು ಎರಡು ಕೆಲಸದಿಂದ. ಕುಡಿಯಲ್ಲಿ ಹೊಸ ಜೀವಕೋಶ ಹುಟ್ಟಬೇಕು. ಹುಟ್ಟಿದ ಕೋಶ ಹಿಗ್ಗಬೇಕು. ಎರಡಕ್ಕೂ ಅಪ್ಪಣೆ ಕೊಡುವುದು ಗಿಡ ತಾನೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುವ ಹಾರ್ಮೋನುಗಳು. ಕುಡಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಮಲಗಿಸಿಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ತುದಿ ಮುರಿದ ಮೇಲೆ ಸಂದುಗಳಲ್ಲಿ ಕಂಕುಳ ಕುಡಿ ಒಡೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉದ್ದದ ವಿಷಯದಲ್ಲಿ ಯಜಮಾನಿಕೆ ಜಿಬ್ಬರೆಲಿನ್‌ದು. ಅದು ಪತ್ತೆಯಾದದ್ದು ಭತ್ತದ ರೋಗದಿಂದ. ಜಪಾನಿನ ಗದ್ದೆಗಳಲ್ಲಿ ಕೆಲವು ಸಸಿಗಳು ಹುಚ್ಚು ಹಿಡಿದಂತೆ ಉದ್ದ ಬೆಳೆದು, ತೆನೆ ಕಟ್ಟದೆ ಬೀಳುತ್ತಿದ್ದವು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಕುರೊಸಾವ ಎಂಬ ವಿಜ್ಞಾನಿ, ಇದಕ್ಕೆ ಕಾರಣ ಒಂದು ಶಿಲೀಂಧ್ರ ಸ್ರವಿಸುವ ರಸ ಎಂದು ತೋರಿಸಿದರು. 1935ರಲ್ಲಿ ಯಾಬುತ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅದೇ ಬಗೆಯ ರಸ ಎಲ್ಲ ಗಿಡಗಳೊಳಗೂ ಇದೆ ಎಂದು ತಿಳಿದದ್ದು ಆಮೇಲೆ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊಂಚಲನ್ನು ‘ಜಿ.ಎ.’ ದ್ರಾವಣದಲ್ಲಿ ಅದ್ದುತ್ತಾರಲ್ಲ, ಅದು ಇದೇ.

ನಿಲ್ಲಿಸುವ ಹಾರ್ಮೋನಿನ ಕಥೆ ಇಲ್ಲಿಗೆ ಇನ್ನೂ ಹತ್ತಿರದ್ದು. ಡಬ್ಲಿನ್‌ನಿಂದ ಐರಿಷ್ ಸಮುದ್ರ ದಾಟಿದರೆ ವೇಲ್ಸ್. ಅಲ್ಲಿನ ಅಬರಿಸ್ಟ್‌ವಿತ್‌ನಲ್ಲಿ ಫಿಲಿಪ್ ವೇರಿಂಗ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಬರ್ಚ್ ಹಾಗೂ ಸಿಕಮೋರ್ ಎಲೆಗಳ ಸಾರ ತೆಗೆದು, ಅದು ಸಸಿಯ ಬೆಳೆಯುವ ಕುಡಿಯನ್ನು ತಡೆಯುತ್ತದೆ ಎಂದು ಕಂಡು, ‘ಡಾರ್ಮಿನ್’ ಎಂದರು. ಅಮೆರಿಕದಲ್ಲಿ ಹತ್ತಿಕಾಯಿ ಉದುರಿಸುವ ವಸ್ತುವನ್ನು ಹುಡುಕುತ್ತಿದ್ದವರ ಕೈಗೂ ಸಿಕ್ಕಿದ್ದು ಅದೇ ಎಂದು 1965ರಲ್ಲಿ ಗೊತ್ತಾಯಿತು. ಈಗ ಅದರ ಹೆಸರು ಅಬ್ಸಿಸಿಕ್ ಆಮ್ಲ. ಮರದ ಕುಡಿ ಮುಚ್ಚಿಕೊಳ್ಳುವುದಕ್ಕೆ ಅದೊಂದೇ ಕಾರಣವಲ್ಲ, ಜಿಬ್ಬರೆಲಿನ್ ಇಳಿಯುವುದು ಇನ್ನೂ ಮುಖ್ಯ ಎನ್ನುವುದು ನಂತರದ ತಿಳಿವಳಿಕೆ.

ಆ ಇಳಿಕೆಗೆ ಗಡಿಯಾರ ಹಗಲಿನ ಉದ್ದ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಡಬ್ಲಿನ್‌ನಲ್ಲಿ ಜೂನ್ ಹಗಲು ಸುಮಾರು 17 ಗಂಟೆ, ಡಿಸೆಂಬರಿನದು ಏಳೂವರೆ. ಮಲಗುವ ಕೋಣೆಗೆ ಕಪ್ಪು ಪರದೆ ಹಾಕಿಕೊಳ್ಳುವ ನಮಗಿಂತ ಸ್ಪ್ರೂಸ್ ಸಸಿ ಚೆನ್ನಾಗಿ ಲೆಕ್ಕ ಇಡುತ್ತದೆ. ಹಗಲು ಕುಗ್ಗಿದಂತೆ ಕುಡಿ ಕಟ್ಟಿ ಮೊಗ್ಗಾಗಿ, ಹಿಮಕ್ಕೆ ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಉತ್ತರದ ಊರಿನ ಬೀಜ ಬೇಗ ನಿಲ್ಲುತ್ತದೆ. ದಕ್ಷಿಣದ್ದು ತಡವಾಗಿ ನಿಂತು ಹೆಚ್ಚು ಬೆಳೆಯುತ್ತದೆ, ಜೊತೆಗೆ ಶರತ್ಕಾಲದ ಮೊದಲ ಹಿಮಕ್ಕೆ ಸಿಕ್ಕಿ ಸುಟ್ಟುಕೊಳ್ಳುವ ಅಪಾಯವೂ ಹೆಚ್ಚು. ಅಮೆರಿಕದ ವಾಷಿಂಗ್ಟನ್ ಬೀಜವೋ, ಕೆನಡಾದ ಹೈದಾ ಗ್ವಾಯ್ ದ್ವೀಪಗಳ ಬೀಜವೋ ಎಂಬ ಚರ್ಚೆ ಇಲ್ಲಿನ ನರ್ಸರಿಗಳಲ್ಲಿ ಹಳೆಯದು.

ಮಾವಿಗೆ ಸರಿ, ಕಾಡಿಗೆ?

ನಮ್ಮ ಬಳಗದಲ್ಲಿ ಶ್ರೀನಿವಾಸಪುರದ ಕಡೆಯವರೊಬ್ಬರಿದ್ದಾರೆ. ಊರಿನಲ್ಲಿ ಅವರ ಮನೆಯವರದು ಮಾವಿನ ತೋಪು. ಕಾಡಿನ ಸಸಿ ಸೊಕ್ಕುತ್ತದೆ ಎಂಬ ಮಾತು ಬಂದಾಗ ಅವರು ಕೇಳಿದ್ದು ಒಂದೇ ಮಾತು, ಕಲ್ಟಾರ್ ಹಾಕಬಾರದೇ ಎಂದು. ಪ್ಯಾಕ್ಲೊಬ್ಯುಟ್ರಜಾಲ್ ಎಂಬ ರಾಸಾಯನಿಕದ ವ್ಯಾಪಾರಿ ಹೆಸರು ಅದು. ಮುಂಗಾರು ಮುಗಿಯುವ ಹೊತ್ತಿಗೆ ಮರದ ಹರವು ಅಳೆದು, ಬುಡದ ಸುತ್ತ ಮಣ್ಣಿಗೆ ಸುರಿದರೆ, ಎಲೆ ಚಿಗುರುವ ಚಪಲ ತಗ್ಗಿ ಮರ ಹೂವಿಗೆ ತಿರುಗುತ್ತದೆ.

ಅದರ ಕೆಲಸ ಜಿಬ್ಬರೆಲಿನ್ ತಯಾರಾಗುವ ದಾರಿಯ ಮೊದಲ ಹಂತಗಳಲ್ಲೇ ಅಡ್ಡ ನಿಲ್ಲುವುದು. ಕೋಶ ಹುಟ್ಟುತ್ತದೆ, ಹಿಗ್ಗುವುದಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ದೂರ ಕಡಿಮೆಯಾಗಿ, ಎಲೆ ಕಡುಹಸಿರಾಗಿ, ಗಿಡ ಗಿಡ್ಡಗೆ ನಿಲ್ಲುತ್ತದೆ. ಅಡಿಕೆಯ ಎಲೆಚುಕ್ಕಿಗೆ ಹೊಡೆಯುವ ಪ್ರೊಪಿಕೊನಜೋಲ್ ಕೂಡ ಇದೇ ಟ್ರಯಜೋಲ್ ಮನೆತನದ್ದು. ಐರ್ಲೆಂಡಿನ ಗೋಧಿ, ಬಾರ್ಲಿ ಬೆಳೆಗಾರರಿಗೂ ಈ ತಂತ್ರ ಹೊಸದಲ್ಲ. ಗೊಬ್ಬರ ಉಂಡ ಪೈರು ಮಳೆಗಾಳಿಗೆ ಮಲಗದಿರಲಿ ಎಂದು ಕ್ಲೋರ್ಮೆಕ್ವಾಟ್ ಸಿಂಪಡಿಸುವುದು ಇಲ್ಲಿ ವಾಡಿಕೆ. ಅದೂ ಜಿಬ್ಬರೆಲಿನ್‌ಗೇ ಕಡಿವಾಣ.

ಹಾಗಾದರೆ ಸ್ಪ್ರೂಸ್ ಸಸಿಗೆ ಏಕೆ ಬೇಡ? ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಸಸಿ ಗಿಡ್ಡವಾಗುತ್ತದೆ, ಅನುಮಾನವಿಲ್ಲ. ಆದರೆ ಪ್ಯಾಕ್ಲೊಬ್ಯುಟ್ರಜಾಲ್ ಬೇರಿನಿಂದ ಮೇಲಕ್ಕೆ ನೀರಿನ ಜೊತೆ ಹರಿಯುತ್ತದೆ. ಎಲೆಗೆ ಹೊಡೆದದ್ದು ಬೇರೆಡೆಗೆ ಅಷ್ಟಾಗಿ ಸಾಗದು. ಹಾಗಾಗಿ ಮಣ್ಣಿಗೇ ಕೊಡಬೇಕು. ಮಣ್ಣಿಗೆ ಕೊಟ್ಟದ್ದು ಬೇಗ ಕರಗಿ ಹೋಗುವುದಿಲ್ಲ. ಮಡಿಯಲ್ಲಿ ಉಳಿದು ಮುಂದಿನ ಬಿತ್ತನೆಯನ್ನೂ ಕುಗ್ಗಿಸಬಹುದು. ಅದಕ್ಕಿಂತ ದೊಡ್ಡ ತೊಡಕು ಸಸಿಯೊಳಗೆ ಉಳಿಯುವುದು. ಮಾವಿನ ಮರ ಗಿಡ್ಡವಾಗಿಯೇ ಇರಲಿ ಎಂದು ಬೆಳೆಗಾರ ಬಯಸುತ್ತಾನೆ. ಕಾಡಿನ ಸಸಿ ನರ್ಸರಿಯಲ್ಲಿ ಗಿಡ್ಡವಿರಬೇಕು, ನೆಟ್ಟ ಮರುದಿನದಿಂದ ಹುಲ್ಲು, ಮುಳ್ಳುಪೊದೆಗಳ ಜೊತೆ ಪಂದ್ಯಕ್ಕೆ ಬಿದ್ದು ಎದ್ದೇಳಬೇಕು. ಮೊದಲ ಒಂದೆರಡು ಬೇಸಿಗೆ ಮಂಕಾಗಿ ನಿಂತರೆ ಹುಲ್ಲು ಮುಚ್ಚಿಬಿಡುತ್ತದೆ. ಬ್ರೇಕ್ ಹಾಕುವುದು ಸುಲಭ, ಬೇಕಾದ ದಿನ ಬಿಡಿಸುವುದು ಸುಲಭವಲ್ಲ. ಸಾಲದ್ದಕ್ಕೆ ಮರದಿಂದ ಮರಕ್ಕೆ, ಒಂದೇ ಜಾತಿಯ ಬೇರೆ ಬೇರೆ ಬೀಜಕ್ಕೆ ಪರಿಣಾಮ ಬೇರೆ. ಕೋಟಿಗಟ್ಟಲೆ ಸಸಿ ಒಂದೇ ಅಳತೆಗೆ ಬರಬೇಕಾದ ಕಡೆ ಇದು ಸಣ್ಣ ಮಾತಲ್ಲ.

ಚಾಕು, ಹಸಿವು, ಕತ್ತಲೆ, ಗಾಳಿ

ಅದಕ್ಕೇ ಅರಣ್ಯ ನರ್ಸರಿಗಳು ನೆಚ್ಚಿಕೊಂಡಿರುವುದು ಹಳೆಯ ಉಪಾಯಗಳನ್ನು. ಟ್ರ್ಯಾಕ್ಟರಿಗೆ ಕಟ್ಟಿದ ಚಪ್ಪಟೆ ಅಲಗೊಂದನ್ನು ಮಡಿಯ ಕೆಳಗೆ ಎಳೆದುಕೊಂಡು ಹೋಗುತ್ತಾರೆ. ತಾಯಿಬೇರು ಕತ್ತರಿಸಿಹೋಗುತ್ತದೆ. ಸಸಿಗೆ ನೀರಿನ ತತ್ವಾರವಾಗಿ ಕುಡಿ ನಿಲ್ಲುತ್ತದೆ, ಕೆಳಗೆ ಕೂದಲಿನಂಥ ಹೊಸ ಬೇರು ತುಂಬುತ್ತದೆ. ಬೇಸಿಗೆಯ ಕೊನೆಯಲ್ಲಿ ಸಾರಜನಕ ಗೊಬ್ಬರ ತಗ್ಗಿಸುತ್ತಾರೆ. ನಾರ್ವೆ, ಸ್ವೀಡನ್, ಕೆನಡಾಗಳಲ್ಲಿ ಬೇಸಿಗೆಯಲ್ಲೇ ಕಪ್ಪು ಬಟ್ಟೆ ಎಳೆದು ಸಸಿಗೆ ಸುಳ್ಳು ಸಂಜೆ ತೋರಿಸುತ್ತಾರೆ. ಚಳಿಗಾಲ ಬಂತೆಂದು ನಂಬಿ ಅದು ಮೊಗ್ಗು ಕಟ್ಟುತ್ತದೆ. ಇವೆಲ್ಲ ಸಸಿಯ ಸ್ವಂತ ಹಾರ್ಮೋನುಗಳನ್ನೇ ಏರಿಳಿಸುವ ದಾರಿಗಳು. ಹೊರಗಿನಿಂದ ಏನೂ ಸೇರದ ಕಾರಣ, ನೆಟ್ಟ ಮೇಲೆ ವಸಂತ ಬಂದರೆ ಸಸಿ ಎಂದಿನಂತೆ ಓಡುತ್ತದೆ.

ನಮಗೆ ಇವುಗಳಲ್ಲಿ ಅತಿ ಸೋಜಿಗ ಅನಿಸಿದ್ದು ಗಾಳಿಯದು. 1971ರಲ್ಲಿ ನೀಲ್ ಮತ್ತು ಹ್ಯಾರಿಸ್ ಎಂಬ ಕ್ಯಾಲಿಫೋರ್ನಿಯದ ಇಬ್ಬರು ಸಂಶೋಧಕರು ಗಾಜಿನ ಮನೆಯಲ್ಲಿದ್ದ ಲಿಕ್ವಿಡಂಬಾರ್ ಸಸಿಗಳನ್ನು ದಿನಕ್ಕೆ 30 ಸೆಕೆಂಡು ಕೈಯಲ್ಲಿ ಅಲುಗಾಡಿಸಿದರು, ಅಷ್ಟೇ. ಅಲುಗಾಡಿಸಿದ ಸಸಿಗಳ ಎತ್ತರ ಅಲುಗಾಡಿಸದವುಗಳ ಮೂರನೇ ಒಂದಕ್ಕಿಂತ ಕಡಿಮೆಯಾಯಿತು. ಮುಟ್ಟಿದರೆ, ಬಾಗಿಸಿದರೆ ಕಾಂಡ ಗಿಡ್ಡಗೆ ದಪ್ಪಗೆ ಬೆಳೆಯುವ ಈ ಗುಣದಲ್ಲಿ ಎಥಿಲೀನ್ ಅನಿಲಕ್ಕೂ ಪಾತ್ರವಿದೆ. ಬಾಳೆಗೊನೆ ಹಣ್ಣಾಗಿಸುವ ಅದೇ ಅನಿಲ. ಊರುಗೋಲಿಗೆ ಬಿಗಿಯಾಗಿ ಕಟ್ಟಿದ ಸಸಿ ಬೇಗ ಎತ್ತರವಾಗಿ, ಗೂಟ ಕಿತ್ತ ದಿನ ಬಾಗುವುದು ಈ ಅಲುಗಾಟ ತಪ್ಪಿದ್ದರಿಂದ. ವರ್ಷವಿಡೀ ಗಾಳಿ ಬೀಸುವ ಐರ್ಲೆಂಡಿನ ಬಯಲು ನರ್ಸರಿಗಳಿಗೆ ಈ ಸೇವೆ ಬಿಟ್ಟಿ.

ಹಾಗೆಂದು ಗಟ್ಟಿ ಸಸಿ ನೆಟ್ಟಿದ್ದರೆ ಏಯೋವಿನ್‌ಗೆ ಕಾಡು ಬೀಳುತ್ತಿರಲಿಲ್ಲ ಎನ್ನುವಂತಿಲ್ಲ. ಬೆಳೆದ ಮರ ಬೀಳುವುದಕ್ಕೆ ಕೆಸರು ಮಣ್ಣು, ಆಳಕ್ಕಿಳಿಯದ ಬೇರು, ಮರ ತೆಳುಗೊಳಿಸಿದ ಕಾಲ, ಪಕ್ಕದ ತೋಪು ಕಡಿದದ್ದು, ಎಲ್ಲವೂ ಕಾರಣ. 183 ಕಿ.ಮೀ. ಗಾಳಿಯ ಮುಂದೆ ನರ್ಸರಿಯವನ ಅಳತೆಪಟ್ಟಿ ಏನು ಮಾಡೀತು. ಸಸಿಯ ಗುಣ ನಿರ್ಧರಿಸುವುದು ಮೊದಲ ಮೂರು–ನಾಲ್ಕು ವರ್ಷವನ್ನು. ಆದರೆ ರೈತನ ಲೆಕ್ಕದಲ್ಲಿ ಸತ್ತ ಸಸಿಯ ಜಾಗ ತುಂಬಿಸುವ ಖರ್ಚು ಬೀಳುವುದೂ ಆ ವರ್ಷಗಳಲ್ಲೇ. ಸರ್ಕಾರ ರೈತರಿಗೆ 20 ವರ್ಷ ಪ್ರೀಮಿಯಂ ಕೊಡುತ್ತದೆ. ವಾಣಿಜ್ಯ ಅರಣ್ಯದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. (ಪೂರ್ತಿ ಬಿಡುಗಡೆ ಎಂದುಕೊಳ್ಳಬೇಡಿ, ಪಿಆರ್‌ಎಸ್‌ಐ, ಯುಎಸ್‌ಸಿ ಎಂಬ ಎರಡು ಕಡಿತ ತಪ್ಪುವುದಿಲ್ಲ. ಇದನ್ನು ಮರೆತು ಜಮೀನು ಕೊಳ್ಳಲು ಹೊರಟ ನಮ್ಮವರೂ ಇದ್ದಾರೆ.) ಕಡಿಯುವ ಕಾಲಕ್ಕೆ ಮಗ ಅಪ್ಪನ ವಯಸ್ಸಿಗೆ ಬಂದಿರುತ್ತಾನೆ. ಅಷ್ಟು ದೂರದ ಹಣವನ್ನು ಇಂದಿನ ಬೆಲೆಗೆ ಇಳಿಸಿ ನೋಡಿದರೆ, ಮೊದಲ ವರ್ಷ ಸಸಿಗೆ ಉಳಿಸಿದ ಕೆಲವು ಸೆಂಟು ದುಬಾರಿಯಾಗಿ ಕಾಣುತ್ತದೆ.

ಹಾರ್ಮೋನು ಬಾಟಲಿಗೆ ಅರಣ್ಯದಲ್ಲಿ ಕೆಲಸವೇ ಇಲ್ಲವೆಂದಲ್ಲ. ಸಿಟ್ಕಾ ಕಾಯಿ ಬಿಡಲು ಇಪ್ಪತ್ತು ವರ್ಷವೋ ಹೆಚ್ಚೋ ಬೇಕು. ತಳಿ ಸುಧಾರಿಸುವವರಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ. ಕಸಿ ಕಟ್ಟಿದ ಎಳೆ ಮರದ ಕಾಂಡಕ್ಕೆ ಜಿಬ್ಬರೆಲಿನ್‌ಗಳಲ್ಲಿ ನಾಲ್ಕು ಮತ್ತು ಏಳನೇ ನಂಬರಿನ ಮಿಶ್ರಣ ಚುಚ್ಚಿ, ಬಿಸಿ ಮತ್ತು ನೀರಡಿಕೆಯಲ್ಲಿ ಇಟ್ಟರೆ ಬೇಗ ಹೂ ಬಿಡುತ್ತದೆ. ದ್ರಾಕ್ಷಿಗೆ ಬಳಸುವ ಮೂರನೇ ನಂಬರು ಈ ಕುಲಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಹರ್ಲಿಂಗ್ ಆಟದ ಕೋಲಿಗೆ ಬೇಕಾದ ಆ್ಯಶ್ ಮರದ್ದು ಇನ್ನೊಂದು ಕಥೆ. 2012ರಲ್ಲಿ ಲೀಟ್ರಿಮ್ ಕೌಂಟಿಯಲ್ಲಿ ಕಾಣಿಸಿದ ಶಿಲೀಂಧ್ರ ರೋಗ ಈ ಮರಗಳನ್ನು ದೇಶದುದ್ದಕ್ಕೂ ಒಣಗಿಸುತ್ತಿದೆ. ತಾಳಿಕೊಂಡ ಮರಗಳನ್ನು ಹುಡುಕಿ ಕೃಷಿ ಸಂಶೋಧನಾ ಸಂಸ್ಥೆ ‘ಚಾಗಸ್ಕ್’ ಕಾಪಿಡುತ್ತಿದೆ. ಇಂಥ ಮರಗಳನ್ನು ಅಂಗಾಂಶ ಕೃಷಿಯಿಂದ ಹೆಚ್ಚಿಸಬೇಕಾದರೆ ಗಾಜಿನ ಬಾಟಲಿಯೊಳಗೆ ಸೈಟೊಕೈನಿನ್ ಬೇಕು. ಒಂದು ಕುಡಿಯಿಂದ ಹತ್ತು ಕುಡಿ ಒಡೆಸುವುದು ಅದೇ. ಅಂಗಾಂಶ ಕೃಷಿಯ ಮೊದಲ ದಿನಗಳಲ್ಲಿ, 1941ರಲ್ಲಿ, ಫಾನ್ ಓವರ್‌ಬೇಕ್ ಎಂಬ ವಿಜ್ಞಾನಿ ಎಳೆ ಭ್ರೂಣಗಳನ್ನು ಬೆಳೆಸಲು ಬಳಸಿದ್ದು ತೆಂಗಿನಕಾಯಿ ನೀರನ್ನು. ಅದರಲ್ಲಿ ಈ ಸೈಟೊಕೈನಿನ್ ಧಾರಾಳ.

ಇನ್ನು ಐರ್ಲೆಂಡಿನ ಕನ್ನಡ ಮನೆಗಳಲ್ಲಿ ಕಿಟಕಿ ಪಕ್ಕ ಇರುವ ಏಕೈಕ ಮರದ ಸಸಿಯ ವಿಷಯ. ಕರಿಬೇವು. ಅಕ್ಟೋಬರ್ ಬಂತೆಂದರೆ ಅದು ಗಾಜಿನ ಕಡೆ ವಾಲಿ, ಗೆಣ್ಣು ದೂರವಾಗಿ, ಎಲೆ ಪೇಲವವಾಗಿ ಬಡಕಲು ಕಡ್ಡಿಯಾಗುತ್ತದೆ. ಬೆಳಕು ಸಾಲದಾಗ ಗಿಡ ಇರುವ ಶಕ್ತಿಯನ್ನೆಲ್ಲ ಉದ್ದಕ್ಕೆ ಸುರಿಯುತ್ತದೆ. ಅದಕ್ಕೆ ಗೊಬ್ಬರ, ಮಜ್ಜಿಗೆ ನೀರು ಸುರಿದರೆ ಇನ್ನಷ್ಟು ಸೊಕ್ಕೀತೇ ಹೊರತು ಗಟ್ಟಿಯಾಗದು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಹೀಟರಿನಿಂದ ದೂರವಿಟ್ಟು, ಸಾಧ್ಯವಾದರೆ ಮೇಲೊಂದು ಎಲ್‌ಇಡಿ ದೀಪ ತೂಗುಹಾಕಿ. ಕುಡಿ ಚಿವುಟುವುದು ಮಾರ್ಚ್ ಆಚೆಗೆ, ಹಗಲು ಹಿಗ್ಗಿದ ಮೇಲೆ. ದಿನಕ್ಕೊಮ್ಮೆ ಅಡುಗೆಮನೆಗೆ ಹೋಗುವಾಗ ಕಾಂಡವನ್ನು ಮೆಲ್ಲಗೆ ಅರ್ಧ ನಿಮಿಷ ಅಲುಗಾಡಿಸಿ ಬನ್ನಿ.